ಊರಿಗೆಲ್ಲ ಒಬ್ಬನೇ ಮುದುಕ

ಜೂನ್ 9, ಸೋಮವಾರ

‘ಊರಿಗೆಲ್ಲ ಒಬ್ಬನೇ ಮುದುಕ.’ ನಮ್ಮ ಕಂಪ್ಯೂಟರ್ ಆಟದ ಮಾದರಿ ಆಡಿ ಯಾರೋ ಪುಣ್ಯಾತ್ಮ ಬರೆದಿದ್ದಾನೆ. ಅಂಬಿಗ ಅವನೇ, ಕುಂಬಾರ ಅವನೇ, ರಾಜ ಅವನೇ, ಗುಹೆಯಿಂದ ಹೊರಬರುವ ರಾಕ್ಷಸನೂ ಅವನೇ. ಅದೇ ಮುಖ, ಅದೇ ದನಿ, ಎರಡನೆಯ ಸಲ ಹತ್ತಿರ ಹೋದರೂ ಅದೇ ಮಾತು. ಕೆಳಗೆ ಹಲ್ಲು ಕಿರಿದವರ ದೊಡ್ಡ ಸಾಲು.

ಸಿಟ್ಟು ಬಂತು. ಅವನು ಹೇಳಿದ್ದು ನಿಜವಾದ್ದರಿಂದ ಇನ್ನಷ್ಟು ಬಂತು. ‘ಉಸ್ ಪಾರ್’ ಎಂಬ ಈ ಆಟ ಕಟ್ಟುತ್ತಿರುವವರು ನಾವಿಬ್ಬರೇ. ಪ್ರೋಗ್ರಾಮಿಂಗ್ ಕೈಲಾಸನದು, ಕಥೆ, ಚಿತ್ರ, ದನಿ ನನ್ನವು. ಆಡುವವರು ನದಿ ದಾಟಿ ಆಚೆ ದಡದ ಮಾಯಾರಾಜ್ಯಕ್ಕೆ ಹೋಗಿ ಮನಸ್ಸು ಬಂದ ಕಡೆ ತಿರುಗಾಡಬಹುದು. ಕುದುರೆ ಓಡಿಸುವಷ್ಟು ನಮ್ಮ ಕೈ ನೀಳವಿಲ್ಲ, ಅದಕ್ಕೇ ಗೂಳಿ ಸವಾರಿ. ಈಜು ಮಾಡಿಸಲಾಗದೆ ನೀರಿಗೆ ಬಿದ್ದವರನ್ನೆಲ್ಲ ಸಾಯಿಸಿದ್ದೇವೆ. ರಾಜ್ಯ ಮುಗಿಯುವ ಕಡೆ ಮಂಜು ಕವಿಸಿ ಮಾನ ಉಳಿಸಿಕೊಂಡಿದ್ದೇವೆ. ನಟರನ್ನು ಕರೆಸುವ ಯೋಗ್ಯತೆ ಇಲ್ಲದ್ದರಿಂದ ಮುದುಕರೆಲ್ಲರಿಗೂ ನಮ್ಮ ಅಪ್ಪನ ಮುಖ, ಅಪ್ಪನ ದನಿ. ಕಳೆದ ಚಳಿಗಾಲ ಮಾಳಿಗೆಯ ಕೋಣೆಯಲ್ಲಿ ಹೊರಗಿನ ಸದ್ದು ಬಾರದಂತೆ ಸುತ್ತ ರಜಾಯಿ ನೇತುಹಾಕಿ ಅಪ್ಪನನ್ನು ನಡುವೆ ಕೂರಿಸಿದ್ದೆ. ನಾನು ಒಂದೊಂದೇ ಸಾಲು ಹೇಳಿಕೊಡುವುದು, ಅವರು ತಿರುಗಿ ಹೇಳುವುದು.

ಆ ಅಪ್ಪ ಈಗ ಮಾತಾಡುವುದಿಲ್ಲ. ಹೋದ ತಿಂಗಳು ಬೆಳಗಿನ ಸ್ನಾನ ಮುಗಿಸಿ ಹನುಮಾನ್ ಘಾಟಿನ ಮೆಟ್ಟಿಲು ಹತ್ತುವಾಗ ಕುಸಿದು ಕೂತವರು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕಾಲು ಬಂತು, ಬಲಗೈ ಅರ್ಧ ಬಂತು, ಮಾತು ಬರಲಿಲ್ಲ. ನಾವು ಹೇಳುವುದೆಲ್ಲ ತಿಳಿಯುತ್ತದೆ. ಕರ್ನಾಟಕದಿಂದ ಬಂದವರಿಗೆ ಶ್ರಾದ್ಧ, ತರ್ಪಣ ಮಾಡಿಸುತ್ತ ಮೂರು ತಲೆಮಾರು ಇಲ್ಲಿ ಗಂಗೆಯ ದಡದಲ್ಲಿ ಬಾಯಿಯಿಂದಲೇ ಬದುಕಿದ ಮನೆ ನಮ್ಮದು. ಅದೇ ಬಾಯಿ ಹೋಯಿತು.

ಅವ್ವ ಇಂದು, “ಆ ಆಟಕ್ಕ ಎಳ್ಳುನೀರು ಬಿಟ್ಟು ಒಂದೀಟು ಅಪ್ಪನ ಮುಂದ ಕೂಡು,” ಎಂದಳು. ಕೂತು ಮಾಡುವುದೇನು? ಆಟ ಹೊರಬಂದರೆ ಅಪ್ಪನ ದನಿ ಲೋಕದಲ್ಲಿ ಎಲ್ಲಾದರೂ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಸೇವೆ ನನ್ನಿಂದ ಆಗುವುದಿಲ್ಲ. ಇದು ಅವ್ವನಿಗೆ ತಿಳಿಯುವುದಿಲ್ಲ.

ಜೂನ್ 18, ಬುಧವಾರ

ಕಂಪ್ಯೂಟರ್ ತುಂಬಿ ಉಸಿರು ಕಟ್ಟಿತ್ತು. ಇಡೀ ದಿನ ಕೂತು ಗುಡಿಸಿದೆ. ಅಪ್ಪನ ದನಿಯಲ್ಲಿ ಆಟಕ್ಕೆ ಬೇಕಾದ ಸಾಲುಗಳನ್ನು ಇಟ್ಟುಕೊಂಡು ಅವುಗಳ ಹಿಂದುಮುಂದಿನ ಕತ್ತರಿಕೆಗಳನ್ನೆಲ್ಲ ಅಳಿಸಿದೆ. ಕೆಮ್ಮು, ಗಂಟಲು ಸರಿಮಾಡಿಕೊಂಡದ್ದು, ಚಹಾ ಕೇಳಿದ್ದು, “ಸಾತ್ವಿಕಾ, ಇಷ್ಟು ಸಾಕೇನವಾ, ಮತ್ತೊಮ್ಮೆ ಹೇಳಲೇನು?” ಎಂದು ಪ್ರತಿ ಸಲ ಕೇಳಿದ್ದು. ಮೇಲಾಗಿ ಸಂಕಲ್ಪ. ಅಪ್ಪನಿಗೆ ಯಾವ ಕೆಲಸಕ್ಕೆ ಕೂತರೂ ಮೊದಲು ಇದು ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ಯಾವ ಕ್ಷೇತ್ರ ಎಂದು ಹೇಳಿಯೇ ಆಗಬೇಕು. ರಾಕ್ಷಸನಾಗಿ ಗರ್ಜಿಸುವ ಮೊದಲೂ ಸಂಕಲ್ಪ ಮಾಡಿದ ಮನುಷ್ಯ. ಅದನ್ನೆಲ್ಲ ಅಳಿಸಿ ಜಾಗ ಹಗುರವಾಯಿತು.

ಒಂದನ್ನು ಮಾತ್ರ ಇಡಿಯಾಗಿ ಇಟ್ಟಿದ್ದೇನೆ. ಆಟದ ಘಾಟಿನಲ್ಲಿ ಒಬ್ಬ ಪುರೋಹಿತ ಬರುತ್ತಾನೆ, ಅವನಿಗೆ ಎರಡು ಸಾಲು ಸಾಕಿತ್ತು. ಅರ್ಧಕ್ಕೆ ನಿಲ್ಲಿಸಬಾರದೆಂದು ಅಪ್ಪ ಸಂಕಲ್ಪದಿಂದ ಹಿಡಿದು ಪೂರ್ತಿ ತರ್ಪಣ, ಪಿಂಡಪ್ರದಾನ ಹೇಳಿಬಿಟ್ಟಿದ್ದರು. ಮುಂದೆ ಯಾವುದಕ್ಕಾದರೂ ಬಂದೀತು.

ಸಂಜೆ ಅಸ್ಸಿಯಲ್ಲಿ ನಮ್ಮ ಬಾಡಿಗೆ ಕೋಣೆಗೆ ಹೋದರೆ ಕೈಲಾಸ ಮುಖ ಊದಿಸಿಕೊಂಡು ಕೂತಿದ್ದ. ಆಟ ಪ್ರಕಟಿಸಲು ಒಪ್ಪಿದ ದಿಲ್ಲಿಯವರಿಗೆ ಅಪ್ಪನ ದನಿ ಬೇಡವಂತೆ. ಕಂಪ್ಯೂಟರೇ ಹುಟ್ಟಿಸುವ ದನಿಗಳಿವೆಯಂತೆ, ಮುದುಕನೊಬ್ಬನಿಗೆ ಒಂದೊಂದು. “ದೇಖೋ ಸಾತ್ವಿಕಾ, ಲೋಗ್ ಹಂಸ್ ರಹೇ ಹೈಂ,” ಎಂದ. ನಗಲಿ ಎಂದೆ. ಅಪ್ಪನ ದನಿ ತೆಗೆದರೆ ನನ್ನ ಚಿತ್ರ, ನನ್ನ ಕಥೆ ಎಲ್ಲವನ್ನೂ ಕಿತ್ತುಕೊಂಡು ಹೋಗುತ್ತೇನೆಂದೆ. ಅವನು ಚಹಾ ತರಿಸಿದ. ಕುಡಿಯದೆ ಬಂದೆ.

ಜುಲೈ 3, ಗುರುವಾರ

ಗದಗಿನಿಂದ ಬಂದವರು ಬಾಗಿಲಲ್ಲಿ ನಿಂತು ಅಪ್ಪನನ್ನು ನೋಡಿ, ಅಯ್ಯೋ ಅಂದು, ಪಕ್ಕದ ಗಲ್ಲಿಯ ಪುರೋಹಿತರ ಮನೆ ಕೇಳಿಕೊಂಡು ಹೋದರು. ಅವರಜ್ಜನ ಕಾಲದಿಂದ ನಮ್ಮಲ್ಲಿಗೇ ಬರುತ್ತಿದ್ದವರು. ಒಮ್ಮೆ ತಪ್ಪಿದ ಮನೆತನ ತಿರುಗಿ ಬರುವುದಿಲ್ಲ. ಅವರ ಬೆನ್ನನ್ನು ಅಪ್ಪ ಗಲ್ಲಿಯ ತಿರುವಿನವರೆಗೂ ನೋಡಿದರು.

ಅಪ್ಪನ ಬದಲು ಕೂರಲು ಅವ್ವ ಸುಮಧ್ವನನ್ನು ಕರೆಸಿದಳು. ನನ್ನ ಚಿಕ್ಕಪ್ಪನ ಮಗ, ಇಲ್ಲೇ ಲಂಕಾ ಬಡಾವಣೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಮುಂಜಿವೆಯಲ್ಲಿ ಕಲಿತ ಸಂಧ್ಯಾವಂದನೆಯೇ ಅವನಿಗೆ ಪೂರ್ತಿ ನೆನಪಿಲ್ಲ. ಜಗಳವಾಡುವುದು ಹಿಂದಿಯಲ್ಲಿ, ಬೈಯುವುದು ಭೋಜಪುರಿಯಲ್ಲಿ. ಅವನೇ ಕೇಳಿದ: ದೊಡ್ಡಪ್ಪನ ರೆಕಾರ್ಡಿಂಗ್ ಇದೆಯಲ್ಲ, ಅದನ್ನು ಕಿವಿಯಲ್ಲಿ ಹಾಕಿಕೊಂಡು ಕೇಳುತ್ತ ಹೇಳಿದರೆ? ನನಗೆ ನಗು ಬಂತು, ಅವ್ವನಿಗೆ ಬರಲಿಲ್ಲ.

ತರ್ಪಣದ ಭಾಗವನ್ನು ತುಂಡು ಮಾಡಿ, ಪ್ರತಿ ಮಂತ್ರದ ನಂತರ ಹೇಳುವಷ್ಟು ಬಿಡುವು ಇಟ್ಟು ಕೊಟ್ಟೆ. ಸಂಕಲ್ಪ ಪಂಚಾಂಗ ನೋಡಿ ಓದಿಕೊ ಎಂದೆ. ಇದೊಂದು ಸಲ. ಘಾಟಿನ ಕೆಲಸ ನನ್ನದಲ್ಲ.

ಜುಲೈ 22, ಮಂಗಳವಾರ

ಅಪ್ಪನ ಶಲ್ಯ ಹೊದ್ದು, ಅಂಗಾರ ಅಕ್ಷತೆ ಇಟ್ಟು ಸುಮಧ್ವ ಕೂತರೆ ಯಾರಿಗೂ ಸಂಶಯ ಬರುವುದಿಲ್ಲ. ಇಯರ್‌ಫೋನಿನ ಕಿವಿಯ ಗುಂಡಿ ಶಲ್ಯದೊಳಗೆ ಮರೆ. ಪಕ್ಕದ ಮಣೆಯ ಮೇಲೆ ಅಪ್ಪ. ಬಂದವರು ಅವರಿಗೆ ನಮಸ್ಕಾರ ಮಾಡಿ ಇವನೆದುರು ಕೂರುತ್ತಾರೆ. ಸಂಕಲ್ಪದಲ್ಲಿ ತೊದಲುತ್ತಾನೆ, ಆಮೇಲೆ ಗಾಡಿ ಹಳಿ ಹಿಡಿಯುತ್ತದೆ.

ಇಂದು ‘ಸ್ವಧಾ’ ಎನ್ನುವಲ್ಲಿ ಅವನು ಉಸಿರು ತಪ್ಪಾಗಿ ನುಂಗಿದ. ಮೇಲಿನ ಮೆಟ್ಟಿಲಲ್ಲಿ ಕೂತಿದ್ದ ನನಗೆ ಕಿವಿಗೆ ಕಲ್ಲು ಬಿದ್ದಂತಾಯಿತು. ಎಷ್ಟು ಸಲ ಕೇಳಿ ಕತ್ತರಿಸಿದ್ದೇನೆ ಅದನ್ನು. ಮನೆಗೆ ಬಂದು ಹೇಳಿಕೊಟ್ಟೆ. “ಅಕ್ಕಾ, ತುಮ್ ಹೀ ಕರ್ ಲೋ ನಾ,” ನೀನೇ ಕೂತು ಮಾಡಿಸಿಬಿಡು ಎಂದು ಅಣಕಿಸಿದ. ತಲೆಯ ಮೇಲೊಂದು ಕೊಟ್ಟೆ. ಕೈಲಾಸನ ಕೋಣೆಗೆ ಹೋಗಲಾಗಲಿಲ್ಲ.

ಆಗಸ್ಟ್ 5, ಮಂಗಳವಾರ

ಘಾಟು ಇಲ್ಲ. ಗಂಗೆ ಮೆಟ್ಟಿಲುಗಳನ್ನೆಲ್ಲ ನುಂಗಿ ಗಲ್ಲಿಯ ಬಾಯಿಗೆ ಬಂದಿದ್ದಾಳೆ. ಯಾತ್ರಿಕರು ಬರುವುದು ನಿಲ್ಲಿಸಿಲ್ಲ; ಸತ್ತವರ ತಿಥಿ ಪ್ರವಾಹ ಇಳಿಯಲೆಂದು ಕಾಯುವುದಿಲ್ಲವಲ್ಲ. ಗಲ್ಲಿಯ ತುದಿಯಲ್ಲಿ ಮಣೆ ಹಾಕಿ ಮಾಡಿಸಿದೆವು. ಮಣೆ, ತಾಮ್ರದ ತಟ್ಟೆ, ದರ್ಭೆಯ ಕಟ್ಟು ಹೊತ್ತು ಮೊಣಕಾಲ ನೀರಿನಲ್ಲಿ ನಡೆದಾಡಿ ಸೊಂಟ ಬಿದ್ದಿದೆ. ಕರೆಂಟಿಲ್ಲ. ನಡುವೆ ಕೈಲಾಸನ ಫೋನು. ಮತ್ತೆ ದನಿಯ ಮಾತು, ದಿಲ್ಲಿಯವರು ನಾಳೆಯೊಳಗೆ ಉತ್ತರ ಕೇಳುತ್ತಿದ್ದಾರಂತೆ. ಅಪ್ಪ ಒದ್ದೆ ಕಲ್ಲಿನ ಮೇಲೆ ಕಾಲಿಡಲು ಹೊರಟಿದ್ದರು. ಏನಾದರೂ ಮಾಡಿಕೊ ಎಂದು ಫೋನಿಟ್ಟು ಓಡಿದೆ.

ಆಗಸ್ಟ್ 23, ಶನಿವಾರ

ಮಾತು ಕಲಿಸುವ ಮೇಡಂ ಚಿತ್ರದ ಕಾರ್ಡುಗಳನ್ನು ತಂದಿದ್ದರು. ಲೋಟ, ಹಸು, ಬಾಗಿಲು. ಅಪ್ಪ ನೋಡುತ್ತಾರೆ, ಬಾಯಿ ತೆರೆಯುತ್ತಾರೆ, ಹಣೆಯ ನರ ಉಬ್ಬುತ್ತದೆ, ಏನೂ ಬರುವುದಿಲ್ಲ. ಕೊನೆಗೆ ನನ್ನನ್ನು ತೋರಿಸಿ, ಇವರು ಯಾರು ಎಂದು ಕೇಳಿದರು. ಅಪ್ಪ ನನ್ನನ್ನೇ ನೋಡಿದರು. ಗೊತ್ತಿದೆ. ಗೊತ್ತಿದ್ದೂ ಬರಲಿಲ್ಲ. ಕಾರ್ಡುಗಳನ್ನು ಎಡಗೈಯಿಂದ ತಳ್ಳಿಬಿಟ್ಟರು.

ನಾನು ನೀರು ತರುವ ನೆಪ ಮಾಡಿ ಒಳಗೆ ಹೋಗಿ ಅತ್ತೆ. ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ.

ಸೆಪ್ಟೆಂಬರ್ 8, ಸೋಮವಾರ

ಪಿತೃಪಕ್ಷದ ಮೊದಲ ದಿನ. ಪಂಪು ಹಚ್ಚಿ ಮೆಟ್ಟಿಲುಗಳ ಹೂಳು ತೊಳೆದಿದ್ದಾರೆ, ಆದರೂ ಕಾಲು ಜಾರುತ್ತದೆ. ಈ ಹದಿನೈದು ದಿನ ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಸುಮಧ್ವ ಪಂಚಾಂಗ ಹಿಡಿದು ತೊದಲುತ್ತ ಕೂತರೆ ಆಗುವುದಿಲ್ಲ. ಅದಕ್ಕೆಂದೇ ಸಂಕಲ್ಪವನ್ನೂ ಅಪ್ಪನ ದನಿಯಲ್ಲೇ ಕತ್ತರಿಸಿ ಕೊಟ್ಟಿದ್ದೆ. ರೆಕಾರ್ಡ್ ಮಾಡಿದ್ದು ಪುಷ್ಯ ಮಾಸದಲ್ಲಿ. ಅಯನ, ಋತು, ಮಾಸ, ಪಕ್ಷ, ತಿಥಿ ಎಲ್ಲ ತೆಗೆದು ಅಲ್ಲಲ್ಲಿ ಖಾಲಿ ಬಿಟ್ಟು, ಆಯಾ ದಿನದ್ದು ನೀನೇ ತುಂಬು ಎಂದಿದ್ದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡಿದ್ದೆ.

ಹಾವೇರಿಯ ಅಣ್ಣತಮ್ಮಂದಿರು ಕೂತಿದ್ದರು, ತಾಯಿಯ ಶ್ರಾದ್ಧಕ್ಕೆ. ನಾನು ದರ್ಭೆ ಹಿಡಿದು ಹಿಂದೆ ನಿಂತಿದ್ದೆ. ಸುಮಧ್ವ ಗಟ್ಟಿಯಾಗಿ, ಈ ಸಲ ತೊದಲದೆ, “ಕ್ರೋಧಿ ನಾಮ ಸಂವತ್ಸರೇ” ಎಂದ. ಅಣ್ಣತಮ್ಮಂದಿರೂ ಹಾಗೇ ಅಂದರು.

ಕ್ರೋಧಿ ಯುಗಾದಿಗೇ ಮುಗಿದಿದೆ. ಮಾಸ ತೆಗೆದೆ, ತಿಥಿ ತೆಗೆದೆ, ಸಂವತ್ಸರವನ್ನು ತೆಗೆಯಲು ಮರೆತಿದ್ದೆ. ಮುಗಿದುಹೋದ ವರ್ಷದಲ್ಲಿ ಕೂತು ತಾಯಿಗೆ ಪಿಂಡ ಇಡಿಸುತ್ತಿದ್ದೆವು. ನಾನು ಸುಮಧ್ವನ ಬೆನ್ನು ತಿವಿಯಬೇಕು ಅನ್ನುವಷ್ಟರಲ್ಲಿ ಅಪ್ಪ ಎಡಗೈಯಿಂದ ಮಣೆಗೆ ಹೊಡೆದರು.

“ವಿಶ್ವಾವಸು,” ಅಂದರು.

ಅಪ್ಪ. ಸ್ಪಷ್ಟವಾಗಿ. ಅಷ್ಟಕ್ಕೇ ನಿಲ್ಲಲಿಲ್ಲ. ವಿಶ್ವಾವಸು ನಾಮ ಸಂವತ್ಸರೇ, ದಕ್ಷಿಣಾಯನೇ, ವರ್ಷ ಋತೌ, ಭಾದ್ರಪದ ಮಾಸೇ ಎಂದು ಹರಿಯುತ್ತಲೇ ಹೋಯಿತು. ಆಮೇಲೆ ಈ ಕ್ಷೇತ್ರದ ಹೆಸರುಗಳು, ಆನಂದವನೇ, ಮಹಾಶ್ಮಶಾನೇ, ಗೌರೀಮುಖೇ. ಕಣ್ಣು ಮುಚ್ಚಿಕೊಂಡಿದ್ದರು. ನನ್ನ ಕೈಯ ದರ್ಭೆ ಕೆಸರಿಗೆ ಬಿತ್ತು. ಸುಮಧ್ವ ಕಿವಿಯ ಗುಂಡಿ ಕಿತ್ತು ಮುಷ್ಟಿಯೊಳಗೆ ಬಚ್ಚಿಟ್ಟು ಅಳತೊಡಗಿದ. ಹಾವೇರಿಯವರು ತಮ್ಮ ತಾಯಿಗಾಗಿ ಅಳುತ್ತಾನೆಂದುಕೊಂಡರೇನೋ, ಅವರೂ ಅತ್ತರು.

ಅವ್ವ ತುಪ್ಪದ ದೀಪ ಹಚ್ಚಿದ್ದಾಳೆ. ಮಾತು ಬಂತು. ನನ್ನ ಅಪ್ಪನಿಗೆ ಮಾತು ಬಂತು.

ಸೆಪ್ಟೆಂಬರ್ 10, ತದಿಗೆ

ಬಂದಿಲ್ಲ.

ಮಂತ್ರ ಬರುತ್ತದೆ. ಸಹಸ್ರನಾಮ ಬರುತ್ತದೆ. ಒಂದರಿಂದ ನೂರು ಎಣಿಸುತ್ತಾರೆ. ನೀರು ಬೇಕೇ ಎಂದರೆ ಹಳೆಯ ಹಾಗೆ ಬಾಯಿ ತೆರೆದು ಒದ್ದಾಡುತ್ತಾರೆ. ಮೇಡಂಗೆ ಫೋನು ಮಾಡಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಬಾಯಿಪಾಠದ್ದು ಮಿದುಳಿನ ಬೇರೆ ಮೂಲೆಯಲ್ಲಿ ಇರುತ್ತದಂತೆ, ಅದು ಉಳಿದಿರುತ್ತದಂತೆ. ಅದರಿಂದ ಮಾತು ಬಂದೇ ಬರುತ್ತದೆ ಎನ್ನಲಾಗದಂತೆ. ಇಷ್ಟು ತಣ್ಣಗೆ ಹೇಗೆ ಹೇಳುತ್ತಾರೋ.

ಬೆಳಿಗ್ಗೆ ನಾನು ನಮಸ್ಕಾರ ಮಾಡಿದೆ. “ದೀರ್ಘಸುಮಂಗಲೀ ಭವ,” ಎಂದರು. ಮದುವೆಯೇ ಆಗದವಳಿಗೆ. ನಕ್ಕು ಇನ್ನೊಮ್ಮೆ ಮಾಡಿದೆ. ಅದೇ ಮಾತು, ಅದೇ ಏರಿಳಿತ. ಘಾಟಿನಲ್ಲಿ ರಾಯಚೂರಿನ ಮುದುಕಿಯೊಬ್ಬಳು, ಗಂಡನ ಶ್ರಾದ್ಧಕ್ಕೆ ಮಗನ ಜೊತೆ ಬಂದವಳು, ಕಾಲಿಗೆ ಬಿದ್ದಳು. ಅವಳಿಗೂ ದೀರ್ಘಸುಮಂಗಲೀ ಭವ. ನಾನು ನೆಲಕ್ಕಿಳಿದು ಹೋದೆ, ಕ್ಷಮಿಸಿ ಎಂದೆ. “ಇರ್ಲಿ ಬಿಡವಾ,” ಎಂದಳು, “ಭಾಳ ವರ್ಷ ಆಗಿತ್ತು, ಯಾರರೆ ನನಗ ಹಂಗ ಅಂದು.”

ಎರಡನೆಯ ಸಲ ಹೋದರೂ ಅದೇ ಮಾತು. ಜೂನಿನಲ್ಲಿ ಆ ಪುಣ್ಯಾತ್ಮ ಬರೆದದ್ದು ಇಡೀ ದಿನ ತಲೆಯಲ್ಲಿ ಕೊರೆಯಿತು.

ಇನ್ನೊಂದು ತೊಡಕು. ತರ್ಪಣದಲ್ಲಿ ಸತ್ತವರ ಹೆಸರು ಹೇಳಬೇಕಾದ ಜಾಗ ಬಂದ ಕೂಡಲೇ ಅಪ್ಪ ನಿಂತುಬಿಡುತ್ತಾರೆ. ಅದು ಬಾಯಿಪಾಠದ್ದಲ್ಲವಲ್ಲ. ಸುಮಧ್ವ ಹೆಸರು ಹೇಳಿದ, ಹಿಡಿಯಲಿಲ್ಲ. ಯಾತ್ರಿಕರೇ ಹೇಳಿದರು, ಹಿಡಿಯಲಿಲ್ಲ. ನಾನು ಹೇಳಿದೆ. ಕೂಡಲೇ ಹಿಡಿದು, ಹೇಳಿ, ಮುಂದೆ ಹೋದರು. ಚಳಿಗಾಲದಲ್ಲಿ ರಜಾಯಿಗಳ ನಡುವೆ ನಾನು ಹೇಳಿಕೊಟ್ಟದ್ದನ್ನು ಹೇಳಿ ಹೇಳಿ ಆದ ಅಭ್ಯಾಸ ಅದು. ಆಟ ಅಷ್ಟಾದರೂ ಉಪಕಾರ ಮಾಡಿತು.

ಹೆಂಗಸು ಇಲ್ಲಿ ಬಾಯಿ ಹಾಕಬಹುದೇ ಎಂದು ಬೆಂಗಳೂರಿನ ಒಬ್ಬ ಮಹಾಶಯ ಕೇಳಿದ. ನಾನು ಸುಮ್ಮನಾದೆ. ಅಪ್ಪನೂ ಸುಮ್ಮನಾದರು. ಬಿಸಿಲು ಏರಿತು. ಕೊನೆಗೆ ಅವನೇ, “ಹೇಳಿ, ಹೇಳಿಬಿಡಿ,” ಎಂದ.

ಸಪ್ತಮಿ

ಬೆಳಗಿನಿಂದ ಮಣೆ ಬಿಟ್ಟು ಎದ್ದಿಲ್ಲ. ನಮ್ಮ ಯಾತ್ರಿಕರು ಕೇದಾರ ಘಾಟಿನ ಲಾಡ್ಜುಗಳಿಂದ ಹುಡುಕಿಕೊಂಡು ಬರುತ್ತಿದ್ದಾರೆ. ಗದಗಿನವರ ಪೈಕಿ ಇಬ್ಬರು ತಿರುಗಿ ಬಂದರು. ಕೈಲಾಸ ಪದೇಪದೇ ಫೋನು ಮಾಡಿದ್ದಾನೆ. ಕೈ ತುಂಬ ಎಳ್ಳು, ಎತ್ತಲಿಲ್ಲ.

ಅಪ್ಪ ಇಂದು ಗಿರಿಜಮ್ಮ ಎಂದರು. ರಾಘವ ಎಂದರು. ಯಾರೋ ಏನೋ, ನಾವು ಕಂಡೂ ಇಲ್ಲದವರು. ಒಂದಕ್ಷರ ಸವೆಯದೆ, ಇಷ್ಟಗಲ ಬಾಯಿ ತೆರೆದು. ಸತ್ತವರ ಮೇಲೆ ಹೊಟ್ಟೆಕಿಚ್ಚು ಬಂದದ್ದು ಇದೇ ಮೊದಲು.

ಏಕಾದಶಿ

ನಮ್ಮಲ್ಲಿ ಇಂದು ಶ್ರಾದ್ಧವಿಲ್ಲ, ಉಪವಾಸ. ಬಿಡುವಾಗಿ ಕೈಲಾಸನಿಗೆ ಫೋನು ಮಾಡಿದೆ. ಆಟ ಶುಕ್ರವಾರವೇ ಹೊರಬಂದಿದೆ. ಮೂರು ವರ್ಷ ಕಾದ ದಿನ ಬಂದು ಹೋದದ್ದು ನನಗೆ ಗೊತ್ತೇ ಇಲ್ಲ. ಅವನು ಬೈಯುತ್ತಾನೆಂದುಕೊಂಡಿದ್ದೆ. ಬೈಯಲಿಲ್ಲ, ಅಪ್ಪ ಹೇಗಿದ್ದಾರೆಂದು ಕೇಳಿದ.

ತೆರೆದು ನೋಡಿದೆ. ಆಟ ಶುರುವಾಗುವುದು ದೋಣಿಯಲ್ಲಿ. ಅಂಬಿಗ ಹುಟ್ಟು ನಿಲ್ಲಿಸಿ, ಯಾರ ಮಗಳು ನೀನು ಎಂದು ಕೇಳುತ್ತಾನೆ. ಏನು ಉತ್ತರ ಆರಿಸಿದರೂ, ಸರಿ, ಕೂರು ಎನ್ನುತ್ತಾನೆ. ಬೇರೆ ಬೇರೆ ಮಾತು ಬರೆಯುವಷ್ಟು ಪುರುಸೊತ್ತು ನಮಗಿರಲಿಲ್ಲ. ಮುಖ ಅಪ್ಪನದು. ಕೇಳಿದ ದನಿ ಯಾರದೂ ಅಲ್ಲ. ಒಣಗಿದ, ಉಸಿರಿಲ್ಲದ, ಗಂಟಲೇ ಇಲ್ಲದ ದನಿ. ಕೈಲಾಸನ ಮೇಲೆ ಕೂಗಾಡಿದೆ. ಪ್ರವಾಹದ ದಿನ ನೀನೇ ಒಪ್ಪಿದ್ದೆ ಎಂದ. ಒಪ್ಪಿದ್ದೆ.

ಅಪ್ಪನ ಹಳೆಯ ಸಾಲುಗಳು ನನ್ನ ಹತ್ತಿರ ಇವೆ. ಕೂತು ಎಲ್ಲ ಕೇಳಿದೆ. ಅಂಬಿಗನಾಗಿ ಕೇಳುತ್ತಾರೆ, ರಾಜನಾಗಿ ಶಪಿಸುತ್ತಾರೆ, ರಾಕ್ಷಸನಾಗಿ ಕೂಗುತ್ತಾರೆ. ಎಲ್ಲ ನಾನೇ ಬರೆದುಕೊಟ್ಟ ಹಿಂದಿ. ಅಪ್ಪ ಅಪ್ಪನಾಗಿ ಆಡಿದ್ದು ಆ ಕತ್ತರಿಕೆಗಳಲ್ಲಿತ್ತು. ಸಾತ್ವಿಕಾ, ಇಷ್ಟು ಸಾಕೇನವಾ. ಅದನ್ನು ಕಸ ಎಂದು ನಾನೇ ಗುಡಿಸಿ ಹಾಕಿದ್ದೇನೆ. ಜಾಗ ಹಗುರವಾಯಿತೆಂದು ಬೇರೆ ಬರೆದುಕೊಂಡಿದ್ದೇನೆ.

ಮಧ್ಯಾಹ್ನ ಅಪ್ಪನನ್ನು ಮಾಳಿಗೆಯ ಕೋಣೆಯಲ್ಲಿ ಕೂರಿಸಿ, ಚಳಿಗಾಲದ ಹಾಗೆಯೇ ಎದುರು ಕೂತೆ. “ನಾ ಹೇಳಿಧಂಗ ಹೇಳ್ರಿ ಅಪ್ಪಾ. ಸಾತ್ವಿಕಾ.” ಬಾಯಿ ತೆರೆದರು. ಇನ್ನೊಮ್ಮೆ ಹೇಳಿದೆ, ಇನ್ನೊಮ್ಮೆ. ಎಡಗೈಯಿಂದ ಮುಖ ಮುಚ್ಚಿಕೊಂಡರು. ಅವ್ವ ಮೇಲೆ ಬಂದ ಸದ್ದೂ ನನಗೆ ಕೇಳಿರಲಿಲ್ಲ. “ಅವರನ್ನ ಯಾಕ ಹಿಂಗ ಕಾಡ್ತಿ? ನಿನಗ ಅವರು ಬೇಕೋ, ಅವರ ದನಿ ಬೇಕೋ?” ಎಂದಳು.

ಎರಡೂ ಬೇಕು. ಬೇಕು ಅಂದರೆ ಅಷ್ಟು ದೊಡ್ಡ ಪಾಪವೇ? ಕಂಡ ಕಂಡ ಸತ್ತವರೆಲ್ಲರ ಹೆಸರನ್ನು ನನ್ನ ಬಾಯಿಂದಲೇ ಇಸಿದುಕೊಂಡು ಹೇಳುತ್ತಾರೆ. ನಾನು ಸತ್ತಿಲ್ಲ, ಅದೊಂದೇ ನನ್ನ ತಪ್ಪು.

ಅಮಾವಾಸ್ಯೆ

ಘಾಟಿನ ಕೆಲಸ ಮುಗಿಸಿ ಮನೆಗೆ ಬರುವಾಗ ಎಲ್ಲರ ಗಂಟಲೂ ಕಟ್ಟಿತ್ತು. ಕೊನೆಯದು ನಮ್ಮ ಮನೆಯ ತರ್ಪಣ. ಮಾಳಿಗೆಯ ಮೇಲೆ ಅಪ್ಪ ಕೂತರು. ಬಲಗೈ ಅಲುಗುವುದರಿಂದ ಸುಮಧ್ವ ಕೆಳಗಿನಿಂದ ಆನಿಸಿಕೊಂಡ. ಅವ್ವ ಕೆಳಗೆ ಅಡುಗೆಯಲ್ಲಿದ್ದಳು. ನಾನು ಹೆಸರು ಹೇಳಿಕೊಡಲು ಪಕ್ಕದಲ್ಲಿ ಕೂತೆ. ಫೋನನ್ನು ತಂಬಿಗೆಗೆ ಆನಿಸಿ ರೆಕಾರ್ಡಿಂಗ್ ಒತ್ತಿದ್ದೆ.

ಅಂದರೆ ಮೊದಲೇ ಯೋಚಿಸಿದ್ದೆ. ಇಲ್ಲಿ ಸುಳ್ಳು ಬರೆದು ಯಾರನ್ನು ಮೋಸ ಮಾಡಲಿ?

ಅಜ್ಜನ ಹೆಸರು ಕೊಟ್ಟೆ, ಹೇಳಿದರು, ನೀರು ಬಿಟ್ಟರು. ಮುತ್ತಜ್ಜನ ಹೆಸರು ಕೊಟ್ಟೆ. ಅಜ್ಜಿ ಗೋದಾಬಾಯಿಯ ಹೆಸರು ಕೊಟ್ಟೆ. ಕಣ್ಣು ಮುಚ್ಚಿಕೊಂಡೇ ಇದ್ದರು, ದನಿ ಏರದೆ ಇಳಿಯದೆ ಸಾಗಿತ್ತು. ಮುಂದಿನ ಹೆಸರಿನ ಜಾಗ ಬಂತು. ನಿಂತರು.

“ಸಾತ್ವಿಕಾ,” ಎಂದೆ.

“ಸಾತ್ವಿಕಾ,” ಎಂದರು ಅಪ್ಪ.

ಹಾಗೆಯೇ ಎಂದರು. ಸ್ಕೂಲಿನಿಂದ ತಡವಾದರೆ ಗಲ್ಲಿಯ ಬಾಯಲ್ಲಿ ನಿಂತು ಕರೆಯುತ್ತಿದ್ದ ಹಾಗೆ, ಕೊನೆಯನ್ನು ಸ್ವಲ್ಪ ಎಳೆದು. ಅದೇ ಉಸಿರಿನಲ್ಲಿ ಗೋತ್ರ ಬಂತು, ತರ್ಪಯಾಮಿ ಬಂತು. ಸುಮಧ್ವ ಆನಿಸಿದ್ದ ಕೈಯನ್ನು ಬೆಂಕಿ ಮುಟ್ಟಿದವನಂತೆ ಬಿಟ್ಟುಬಿಟ್ಟ.

ಅಪ್ಪ ಕಣ್ಣು ತೆರೆದರು. ನನ್ನನ್ನು ನೋಡಿದರು. ಕೈಯಲ್ಲಿ ಎಳ್ಳುನೀರಿತ್ತು. ಅದನ್ನು ಬಿಡಬಾರದೆಂದು ಬೆರಳು ಮಡಿಸಲು ನೋಡಿದರು. ಮಡಿಸಲಾಗಲಿಲ್ಲ, ಆ ಕೈಯಲ್ಲಿ ಶಕ್ತಿ ಎಲ್ಲಿದೆ? ನೀರು ತಾನಾಗಿ ಇಳಿದು ತಟ್ಟೆಗೆ ಬಿತ್ತು.

ಆಮೇಲೆ ಅಪ್ಪ ಬಾಗಿ, ಎಡಗೈಯಿಂದ ತಟ್ಟೆಯ ನೀರಿನೊಳಗಿನ ಎಳ್ಳನ್ನು ಒಂದೊಂದಾಗಿ ಹೆಕ್ಕಿ ತೆಗೆಯತೊಡಗಿದರು. ಅಜ್ಜನದು ಯಾವುದು, ಅಜ್ಜಿಯದು ಯಾವುದು, ನನ್ನದು ಯಾವುದು, ಹೇಗೆ ಗೊತ್ತಾಗಬೇಕು? ಆದರೂ ಹೆಕ್ಕಿದರು. ಅವ್ವ ಕೆಳಗಿನಿಂದ ಎಲೆ ಹಾಕಲೇ ಎಂದು ಕೇಳುತ್ತಲೇ ಇದ್ದಳು.

ಸೆಪ್ಟೆಂಬರ್ 25, ಗುರುವಾರ

ಅಪ್ಪ ಬಾಯಿ ತೆರೆಯುವುದಿಲ್ಲ. ಮಂತ್ರವೂ ಇಲ್ಲ. ಇಂದು ಬೀದರಿನವರು ಬಂದಿದ್ದರು. ನಾನು ಮಣೆಯ ಹತ್ತಿರ ಹೋದ ಕೂಡಲೇ ಅಪ್ಪ ಮುಖ ತಿರುಗಿಸಿ ನದಿಯ ಕಡೆ ಕೂತರು. ಸುಮಧ್ವ ನನ್ನತ್ತ ನೋಡದೆ ಶಲ್ಯದೊಳಗೆ ಕೈ ಹಾಕಿ ಕಿವಿಗೆ ಗುಂಡಿ ಇಟ್ಟುಕೊಂಡ. ಸಂವತ್ಸರವನ್ನು ಸರಿಯಾಗಿ ಹೇಳಿದ. ನಾನು ಮೆಟ್ಟಿಲು ಹತ್ತಿ ಬಂದೆ.

ಅವ್ವನಿಗೆ ಏನೂ ಗೊತ್ತಿಲ್ಲ. ಬಂದ ಮಾತು ಹಿಂಗ ಹೋಗಬೇಕಾದರೆ ಯಾರದೋ ಕಣ್ಣು ಬಿದ್ದಿದೆ ಎಂದು ಉಪ್ಪು ಇಳಿಸಿ ನೀರಿಗೆ ಹಾಕಿದಳು. ಸುಮಧ್ವ ಬಾಯಿ ಬಿಟ್ಟಿಲ್ಲ. ಬೆಳಿಗ್ಗೆ ನಮಸ್ಕಾರ ಮಾಡಿದೆ. ದೀರ್ಘಸುಮಂಗಲೀ ಭವ ಎಂದೂ ಅನ್ನಲಿಲ್ಲ. ಕಾಲು ಹಿಂದಕ್ಕೆ ಎಳೆದುಕೊಂಡರು.

ಕೈಲಾಸ ಫೋನು ಮಾಡಿದ್ದ. ಆಡಿದವರು ದನಿಗಳನ್ನು ಮೆಚ್ಚಿದ್ದಾರಂತೆ. ಒಳ್ಳೆಯದು ಎಂದೆ.

ಮಧ್ಯಾಹ್ನ ಮಾಳಿಗೆಯ ಕೋಣೆಯಲ್ಲಿ ಕೂತು ಅಮಾವಾಸ್ಯೆಯ ರೆಕಾರ್ಡಿಂಗ್ ತೆರೆದೆ. ನನ್ನ ಹೆಸರೊಂದನ್ನೇ ಬಿಡಿಸಿ ಇಟ್ಟುಕೊಳ್ಳಬೇಕೆಂದಿದ್ದೆ. ಕತ್ತರಿಸುವುದು ನನಗೆ ಹೊಸದೇ? ಹೆಸರಿಗಿಂತ ಮೊದಲಿನದು ಸಲೀಸಾಗಿ ಹೋಯಿತು. ನಂತರದ್ದು ಹೋಗಲಿಲ್ಲ. ಎಳೆದ ಹೆಸರಿನ ಕೊನೆ ಇನ್ನೂ ಆರುವ ಮೊದಲೇ ಗೋತ್ರ ಶುರುವಾಗಿದೆ, ಎರಡರ ನಡುವೆ ಉಸಿರಿನಷ್ಟೂ ಸಂದಿಲ್ಲ. ಗೋತ್ರವನ್ನು ಪೂರ್ತಿ ತೆಗೆದರೆ ಹೆಸರು ಅರ್ಧಕ್ಕೆ ಮುರಿದು ಅಪ್ಪ ತೊದಲಿದಂತೆ ಕೇಳುತ್ತದೆ. ಹೆಸರನ್ನು ಪೂರ್ತಿ ಉಳಿಸಿಕೊಂಡರೆ ಹಿಂದೆಯೇ ಅದೂ ಬರುತ್ತದೆ.

ಬೆಳಕು ಹೋಗುವವರೆಗೂ ಕೂತೆ. ಕೊನೆಗೆ ಕತ್ತರಿಸುವುದನ್ನು ಬಿಟ್ಟೆ. ಈಗ ಕೇಳುವಾಗ ತರ್ಪಯಾಮಿಯವರೆಗೂ ಕೇಳುತ್ತೇನೆ.